ವಿಂಡೋಸ್ 11, ಉಬುಂಟು, ಮಿಂಟ್: ಕಾಫಿ ವ್ಯಾಪಾರದ ಆಫೀಸಿನಲ್ಲಿ ಮೂರನ್ನೂ ಹಾಕಿ ನೋಡಿದಾಗ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು. ನಾನು ಚಿಕ್ಕಮಗಳೂರಿನಲ್ಲಿ ನೋಡಿಕೊಳ್ಳುವ ಆಫೀಸುಗಳಲ್ಲಿ ಹೆಚ್ಚಿನ ಸಿಸ್ಟಂಗಳು ಅದರಲ್ಲೇ ಓಡುತ್ತಿದ್ದವು. ಸಿಸ್ಟಂ ಚೆನ್ನಾಗೇ ಇದೆ, ಯಾಕೆ ಬದಲಾಯಿಸಬೇಕು ಅಂತ ಎಲ್ಲರೂ ಕೇಳುತ್ತಾರೆ. ಬ್ಯಾಂಕು, ಜಿಎಸ್‌ಟಿ, ಬೆಳೆಗಾರರ ಲೆಕ್ಕ ಎಲ್ಲ ಅದರಲ್ಲೇ ಇರುವಾಗ, ಹೊಸ ತೂತುಗಳನ್ನು ಮುಚ್ಚುವವರೇ ಇಲ್ಲದ ಸಿಸ್ಟಂ ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಕಚೇರಿ ಸಿಸ್ಟಂಗಳಿಗೆ ದುಡ್ಡು ಕೊಟ್ಟು ಅಪ್‌ಡೇಟ್ ಮುಂದುವರಿಸಬಹುದು. ಮೊದಲ ವರ್ಷಕ್ಕೆ ಒಂದು ಸಿಸ್ಟಂಗೆ 61 ಡಾಲರ್. ವರ್ಷದಿಂದ ವರ್ಷಕ್ಕೆ ಅದು ದುಪ್ಪಟ್ಟಾಗುತ್ತದೆ. ಹೆಚ್ಚೆಂದರೆ ಮೂರು ವರ್ಷ.

ಗಡುವು ಮೊದಲೇ ಗೊತ್ತಿತ್ತು. ಹಾಗಾಗಿ ಬಸವನಹಳ್ಳಿ ಕಡೆಯ ಒಂದು ಕಾಫಿ ವ್ಯಾಪಾರದ ಆಫೀಸಿನಲ್ಲಿ ಆ ಮಳೆಗಾಲದಲ್ಲೇ ಕೆಲಸ ಶುರು ಮಾಡಿದೆ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ, ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಇದ್ದ ಸಿಸ್ಟಂಗಳು ಮೂರು ಥರ. ಆರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್ ಇದ್ದವು ಕೆಲವು. ಹತ್ತನೇ ತಲೆಮಾರಿನ ಐ5 ಕೆಲವು. ಮಾಲೀಕರ ಮೇಜಿನಲ್ಲಿ ಹೊಸ ಲ್ಯಾಪ್‌ಟಾಪ್. ಅಕ್ಕಪಕ್ಕದ ಮೇಜುಗಳಲ್ಲಿ ವಿಂಡೋಸ್ 11, ಉಬುಂಟು 24.04, ಲಿನಕ್ಸ್ ಮಿಂಟ್ 22 ಹಾಕಿ, ಅಲ್ಲಿ ಕೂರುವವರ ಕೈಗೇ ಕೊಟ್ಟೆ. ಉಬುಂಟು, ಮಿಂಟ್ ಎರಡೂ ಲಿನಕ್ಸ್ ಬಳಗದ ಉಚಿತ ಓಎಸ್‌ಗಳು, ಅಂದರೆ ವಿಂಡೋಸ್‌ನಂತೆ ಸಿಸ್ಟಂ ಓಡಿಸುವ ಮೂಲ ಸಾಫ್ಟ್‌ವೇರ್.

ಒಂದು ಮಾತು ಮೊದಲೇ ಹೇಳುತ್ತೇನೆ. ಆಫೀಸಿಗೆ ಯಾವ ಓಎಸ್ ಒಳ್ಳೆಯದು ಅಂತ ಕೇಳುವುದರಲ್ಲಿ ಅರ್ಥವಿಲ್ಲ. ಆ ಮೇಜಿಗೆ ಯಾವುದು ಅಂತ ಕೇಳಬೇಕು.

ವಿಂಡೋಸ್ 11

ಇದನ್ನು ಹಾಕುವುದು ಸುಲಭ, ಸಿಸ್ಟಂ ಒಪ್ಪಿದರೆ. ಇಂಟೆಲ್ ಆದರೆ ಬಹುತೇಕ ಎಂಟನೇ ತಲೆಮಾರು ಅಥವಾ ಅದರ ಮೇಲಿನದು ಬೇಕು. 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್ ಮಾತ್ರ ಶುರುವಾಗಲು ಬಿಡುವ ಕಾವಲು), ಟಿಪಿಎಂ 2.0 (ಕೀಗಳನ್ನು ಕಾಪಾಡುವ ಸೆಕ್ಯುರಿಟಿ ಭಾಗ) ಬೇಕು. ಇಲ್ಲಿ ಸುಮಾರು ಜನ ಎಡವುವುದು ಟಿಪಿಎಂ ಹತ್ತಿರ. ಆಫೀಸಿನ ಐ5 ಸಿಸ್ಟಂಗಳಲ್ಲಿ ಚೆಕ್ ಮಾಡಿದರೆ 'ಈ ಪಿಸಿಗೆ ಆಗುವುದಿಲ್ಲ' ಅಂತ ಬಂತು. ಟಿಪಿಎಂ ಇಲ್ಲ ಅಂತಲ್ಲ, ಬಯೋಸ್‌ನಲ್ಲಿ (ಓಎಸ್‌ಗೂ ಮೊದಲು ಏಳುವ ಬೋರ್ಡಿನ ಸೆಟ್ಟಿಂಗ್) ಆಫ್ ಇತ್ತು ಅಷ್ಟೇ. ಇಂಟೆಲ್ ಬೋರ್ಡಿನಲ್ಲಿ ಅದು ಪಿಟಿಟಿ ಅನ್ನುವ ಹೆಸರಿನಲ್ಲಿ ಇರುತ್ತದೆ, ಎಎಂಡಿಯಲ್ಲಿ ಎಫ್‌ಟಿಪಿಎಂ. ಆನ್ ಮಾಡಿದರೆ ಮುಗಿಯಿತು.

ಇನ್ನೊಂದು ಸಿಸ್ಟಂನಲ್ಲಿ ಹಳೇ ವಿಂಡೋಸನ್ನು ಲೆಗಸಿ ಮೋಡ್‌ನಲ್ಲಿ, ಅಂದರೆ ಹಳೇ ಬೂಟ್ ವಿಧಾನದಲ್ಲಿ ಹಾಕಿದ್ದರು. ಡಿಸ್ಕ್ ವಿಂಗಡಣೆಯೂ ಹಳೇ ಎಂಬಿಆರ್ ರೀತಿಯದಿತ್ತು. ಹಾಗಿದ್ದರೆ ಸೆಕ್ಯೂರ್ ಬೂಟ್ ಆನ್ ಮಾಡಲು ಬರುವುದಿಲ್ಲ. ಫಾರ್ಮ್ಯಾಟ್ ಮಾಡಿಬಿಡೋಣ ಅನ್ನುವ ಅವಸರ ಬೇಡ. ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಅನ್ನುವ ಸಾಧನ ಫೈಲುಗಳನ್ನು ಅಲ್ಲಾಡಿಸದೆ ಡಿಸ್ಕನ್ನು ಹೊಸ ರೀತಿಯಾದ ಜಿಪಿಟಿಗೆ ಬದಲಾಯಿಸುತ್ತದೆ. ಆಮೇಲೆ ಬಯೋಸ್‌ನಲ್ಲಿ ಯುಇಎಫ್‌ಐ ಅನ್ನುವ ಹೊಸ ಬೂಟ್ ಮೋಡ್‌ಗೆ ಹೋಗಬೇಕು. ಬ್ಯಾಕಪ್ ಮಾತ್ರ ಮೊದಲೇ ತೆಗೆದಿಟ್ಟುಕೊಳ್ಳಿ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಬೇರೆಯದೇ ತೊಂದರೆ. ಇನ್‌ಸ್ಟಾಲ್ ಶುರುವಾಗಿ 'ಎಲ್ಲಿ ಹಾಕಲಿ' ಅಂತ ಕೇಳುವ ಪರದೆಯಲ್ಲಿ ಡಿಸ್ಕ್ ಪಟ್ಟಿಯೇ ಖಾಲಿ. ಎಸ್‌ಎಸ್‌ಡಿ ಹೋಗಿದೆ ಅಂದುಕೊಂಡು ಬಿಚ್ಚಲು ಹೋಗಬೇಡಿ. ಹನ್ನೊಂದನೇ ತಲೆಮಾರಿನಿಂದ ಈಚೆಗೆ ಇಂಟೆಲ್ ಸಿಸ್ಟಂಗಳಲ್ಲಿ ವಿಎಂಡಿ ಅಂತ ಎಸ್‌ಎಸ್‌ಡಿಗಳನ್ನು ನಿಭಾಯಿಸುವ ಒಂದು ಸೆಟ್ಟಿಂಗ್ ಇರುತ್ತದೆ. ಅದು ಆನ್ ಇದ್ದರೆ ವಿಂಡೋಸ್ ಇನ್‌ಸ್ಟಾಲರಿಗೆ ಡಿಸ್ಕ್ ಕಾಣದೆ ಹೋಗಬಹುದು. ಇಂಟೆಲ್‌ನ ಆರ್‌ಎಸ್‌ಟಿ ಡ್ರೈವರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಅದೇ ಪರದೆಯ 'ಲೋಡ್ ಡ್ರೈವರ್' ಒತ್ತಿ ತೋರಿಸಿದ ಕೂಡಲೇ ಡಿಸ್ಕ್ ಬಂತು. ಅದೇ ಲ್ಯಾಪ್‌ಟಾಪ್‌ಗೆ ಮಿಂಟ್ ಪೆನ್‌ಡ್ರೈವ್ ಚುಚ್ಚಿ ನೋಡಿದೆ. ಅದಕ್ಕೆ ಡ್ರೈವರ್ ಕೊಡದೆಯೇ ಡಿಸ್ಕ್ ಕಾಣಿಸಿತು. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ವಿಎಂಡಿ ಡ್ರೈವರ್ ಇದೆ.

ವಿಂಡೋಸ್ 11 ಹಾಕಿದ ಮೇಲೆ ಒಂದು ಕೆಲಸ ಮರೆಯದೆ ಮಾಡಿ. ಈಗಿನ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಬೀಗ ಬೀಳುತ್ತದೆ. ಮುಂದೆ ಬಯೋಸ್ ಅಪ್‌ಡೇಟ್ ಆದರೆ, ಸೆಕ್ಯೂರ್ ಬೂಟ್ ಮುಟ್ಟಿದರೆ, ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಯಾರ ಖಾತೆಯಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ಡೇಟಾ ಸಿಗುವುದಿಲ್ಲ. ನಾನು ಪ್ರತಿ ಸಿಸ್ಟಂನ ಕೀ ಪ್ರಿಂಟ್ ತೆಗೆದು, ಆಡಿಟ್ ಕಾಗದಗಳ ಫೈಲಿನಲ್ಲೇ ಇಡಿಸಿದ್ದೇನೆ.

ಹಳೇ ಐ3ಗಳಿಗೆ ರೂಫಸ್ (ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡುವ ಸಾಧನ) ಬಳಸಿ ಟಿಪಿಎಂ ಷರತ್ತು ತೆಗೆದು ವಿಂಡೋಸ್ 11 ಹಾಕಬಹುದು. ಒಂದರಲ್ಲಿ ಹಾಕಿಯೂ ನೋಡಿದೆ, ಓಡಿತು. ಆದರೆ ಇಂಥ ಸಿಸ್ಟಂಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ನಾವು ಬದಲಾಯಿಸಲು ಹೊರಟಿದ್ದೇ ಅಪ್‌ಡೇಟ್‌ಗಾಗಿ ಅಲ್ವಾ? ಅದನ್ನು ಅಳಿಸಿ ಲಿನಕ್ಸ್ ಹಾಕಿದೆ.

ಉಬುಂಟು ಎದುರು ಮಿಂಟ್

ಇವೆರಡರ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಉಬುಂಟು 24.04 ಬಂದಿದ್ದು 2024ರ ಏಪ್ರಿಲ್‌ನಲ್ಲಿ. ಅದರ ಮೇಲೇ ಕಟ್ಟಿದ ಮಿಂಟ್ 22 ಅದೇ ಜುಲೈನಲ್ಲಿ. ಎರಡಕ್ಕೂ 2029ರವರೆಗೆ ಅಪ್‌ಡೇಟ್ ಇದೆ. ಒಂದರಲ್ಲಿ ವೈಫೈ, ಸೌಂಡ್ ಬಂದರೆ ಇನ್ನೊಂದರಲ್ಲೂ ಬರುತ್ತದೆ. ಹಾಗಾಗಿ ಹಾರ್ಡ್‌ವೇರ್ ನೋಡಿ ಇವೆರಡರಲ್ಲಿ ಆರಿಸುವ ಕಷ್ಟ ತೆಗೆದುಕೊಳ್ಳಬೇಡಿ. ಕಣ್ಣಿಗೆ ಕಾಣುವ ಮುಖ, ಮತ್ತೆ ತೂಕ, ಇವೆರಡರಲ್ಲೇ ವ್ಯತ್ಯಾಸ.

ಉಬುಂಟುವಿನಲ್ಲಿ ಐಕಾನ್‌ಗಳ ಪಟ್ಟಿ ಎಡಗಡೆ ಉದ್ದಕ್ಕೆ ಬರುತ್ತದೆ. ನಮಗೆ ಅಭ್ಯಾಸವಿರುವ ಸ್ಟಾರ್ಟ್ ಮೆನು ಇಲ್ಲ. ಬಿಲ್ ಬರೆಯುವ ಅಣ್ಣ ಒಬ್ಬರು ವಿಂಡೋಸ್ ಎಕ್ಸ್‌ಪಿ ಕಾಲದಿಂದ ಅದೇ ಕುರ್ಚಿಯಲ್ಲಿದ್ದಾರೆ. ಕೂತವರೇ ಮೌಸನ್ನು ಕೆಳಗಿನ ಎಡಮೂಲೆಗೆ ಒಯ್ದು, "ಇದೇನಪ್ಪಾ, ಸ್ಟಾರ್ಟು ಎಲ್ಲೋಯ್ತು?" ಅಂದರು. ಅವರಿಗೆ ತೋರಿಸಿಕೊಟ್ಟೆ, ಕಲಿತರು ಕೂಡ. ಆದರೆ ಬೆಳೆಗಾರರು ಎದುರಿಗೆ ನಿಂತು ಇವತ್ತಿನ ಪಾರ್ಚ್‌ಮೆಂಟ್ ಕಾಫಿ ರೇಟೆಷ್ಟು ಅಂತ ಕೇಳುತ್ತಿರುವಾಗ ಮೆನು ಹುಡುಕುವ ಹಾಗಿರಬಾರದು. ಮಿಂಟ್‌ನ ಸಿನಮನ್ ಅನ್ನುವ ಡೆಸ್ಕ್‌ಟಾಪ್‌ನಲ್ಲಿ ಮೆನು ಅದೇ ಎಡಮೂಲೆಯಲ್ಲಿದೆ, ಟಾಸ್ಕ್‌ಬಾರ್ ಕೆಳಗೇ ಇದೆ. ಅದರ ಮುಂದೆ ಕೂತಾಗ ಅವರು ಏನನ್ನೂ ಕೇಳಲಿಲ್ಲ. ನನ್ನ ಮಟ್ಟಿಗೆ ಅಲ್ಲೇ ತೀರ್ಮಾನವಾಯಿತು.

ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ, ಅಂದರೆ ಬೇಕಾದದ್ದೆಲ್ಲ ಒಂದೇ ಪೊಟ್ಟಣದಲ್ಲಿ ಕಟ್ಟಿ ಬರುತ್ತದೆ. ಹಾರ್ಡ್‌ಡಿಸ್ಕ್ ಇರುವ ಸಿಸ್ಟಂನಲ್ಲಿ ಬೆಳಿಗ್ಗೆ ಮೊದಲ ಸಲ ತೆರೆಯಲು ಕಾಯಬೇಕು. ಮಿಂಟ್ ಸ್ನ್ಯಾಪನ್ನು ಆಫ್ ಮಾಡಿಯೇ ಕೊಡುತ್ತದೆ, ಫೈರ್‌ಫಾಕ್ಸ್ ಬೇಗ ಏಳುತ್ತದೆ. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಕೂಡ ಮೊದಲೇ ಇರುತ್ತದೆ. ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ತರಬಹುದು. ಗಮನಿಸಿ, ಅದು ಸಿಸ್ಟಂ ಫೈಲುಗಳನ್ನು ಕಾಪಾಡುತ್ತದೆ. ನಿಮ್ಮ ಬಿಲ್ಲು, ಪತ್ರಗಳ ಬ್ಯಾಕಪ್ ಬೇರೆಯೇ ಇರಬೇಕು.

4 ಜಿಬಿ ಐ3ಗಳಿಗೆ ಸಿನಮನ್ ಕೂಡ ಸ್ವಲ್ಪ ಭಾರ. ಅಲ್ಲಿ ಮಿಂಟ್‌ನ ಹಗುರ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಹಾಕಿದೆ. ಆದರೂ ನಿಜವಾದ ಬದಲಾವಣೆ ಕಂಡದ್ದು ಹಾರ್ಡ್‌ಡಿಸ್ಕ್ ತೆಗೆದು ಸಣ್ಣ ಎಸ್‌ಎಸ್‌ಡಿ ಹಾಕಿದಾಗ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಅದಕ್ಕೆ ಮಾಡಿ, ಓಎಸ್ ಯಾವುದೇ ಇರಲಿ.

ಕನ್ನಡ ಟೈಪಿಂಗ್

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು. ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ಪತ್ರ ಬರೆಯುವ ಅಕ್ಕ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಕಲಿತವರು. ಕನ್ನಡ ಗಣಕ ಪರಿಷತ್ತಿನ ಆ ನುಡಿ ವಿಂಡೋಸ್ 11ರಲ್ಲಿ ಎಂದಿನಂತೆ ಓಡಿತು. ಲಿನಕ್ಸಿಗೆ ಹೋದರೆ ಟೈಪಿಂಗ್ ಮತ್ತೆ ಕಲಿಯಬೇಕೇನೋ ಅನ್ನುವ ಹೆದರಿಕೆ ಅವರಿಗಿತ್ತು. ಹಾಗೇನೂ ಇಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿ ಕೆಜಿಪಿ ಅನ್ನುವ ಹೆಸರಿನಲ್ಲಿ ಇದೆ. ಐಬಸ್-ಎಂ17ಎನ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿ, ಇನ್‌ಪುಟ್ ಪಟ್ಟಿಯಲ್ಲಿ ಕನ್ನಡ, ಕೆಜಿಪಿ ಆರಿಸಿದರೆ ಆಯಿತು. ಕೆ, ಎಫ್, ಎಕ್ಸ್ ಕೀಗಳನ್ನು ಒತ್ತಿದರೆ ಇಲ್ಲೂ 'ಕ್ಷ' ಬರುತ್ತದೆ. ಈ ವಿಷಯದಲ್ಲಿ ಉಬುಂಟು ಒಂದು ಹೆಜ್ಜೆ ಮುಂದೆ. ಕೀಬೋರ್ಡ್ ಸೆಟ್ಟಿಂಗ್ಸ್ ಒಳಗೇ ಸೇರಿಸಬಹುದು. ಮಿಂಟ್‌ನಲ್ಲಿ ಐಬಸ್‌ನ ಸೆಟ್ಟಿಂಗ್ ಬೇರೆ ತೆರೆದು, ಒಮ್ಮೆ ಲಾಗೌಟ್ ಆಗಿ ಬರಬೇಕು.

ತೊಡಕಿರುವುದು ಹಳೇ ಫೈಲುಗಳಲ್ಲಿ. ಯೂನಿಕೋಡ್‌ಗೆ (ಎಲ್ಲ ಸಿಸ್ಟಂಗಳಲ್ಲೂ ಕನ್ನಡ ಒಂದೇ ರೀತಿ ಕಾಣುವ ಈಗಿನ ಸಂಕೇತ ಪದ್ಧತಿ) ಮುಂಚಿನ ನುಡಿ ಫಾಂಟ್‌ನಲ್ಲಿ ಬರೆದ ಪತ್ರವನ್ನು ಲಿಬ್ರೆ ಆಫೀಸಿನಲ್ಲಿ (ವರ್ಡ್ ಥರದ ಉಚಿತ ಸಾಫ್ಟ್‌ವೇರ್) ತೆರೆದರೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕೆ, ಗೆರೆ ಬಂದ ಸಾಲು ಸಾಲು. ಅಕ್ಕ ಗಾಬರಿಯಾಗಿ, "ಎಲ್ಲಾ ಹಾಳಾಯ್ತಾ?" ಅಂದರು. ಏನೂ ಹಾಳಾಗಿರಲಿಲ್ಲ. ಆ ಕಾಲದ ಫೈಲಿನಲ್ಲಿ ಇರುವುದೇ ಆ ಅಕ್ಷರಗಳು, ಫಾಂಟು ಅವನ್ನು ಕನ್ನಡವಾಗಿ ತೋರಿಸುತ್ತಿತ್ತು. ಹಳೇ ಸಿಸ್ಟಂನಿಂದ ನುಡಿ ಫಾಂಟ್ ಫೈಲುಗಳನ್ನು ತಂದು ಮಿಂಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದೆ. ಪತ್ರಗಳೆಲ್ಲ ಮೊದಲಿನಂತೆ ಕಂಡವು. ಮತ್ತೆ ತಿದ್ದಬೇಕಾದ ಪತ್ರಗಳನ್ನು ಮಾತ್ರ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರುವ ಪದಗಳ ಮೇಲೆ ಕಣ್ಣಾಡಿಸಿ. ಊರಿನ ಹೆಸರು, ಸರ್ವೆ ನಂಬರಿನ ಜೊತೆ ಬರುವ ಹೆಸರು ತಪ್ಪಾದರೆ ಅರ್ಜಿ ವಾಪಸ್ ಬರುತ್ತದೆ.

ಕರೆಂಟು, ಗಡಿಯಾರ, ಪ್ರಿಂಟರ್

ಮಲೆನಾಡಿನ ಮಳೆಯಲ್ಲಿ ಕರೆಂಟ್ ಹೋಗಿ ಬರುವುದು ಎಲ್ಲರಿಗೂ ಗೊತ್ತು. ಯುಪಿಎಸ್ ಬ್ಯಾಟರಿ ಸತ್ತಿದ್ದ ಮೇಜುಗಳಲ್ಲಿ ವಿಂಡೋಸ್ ಆಟೊಮ್ಯಾಟಿಕ್ ರಿಪೇರ್ ಪರದೆಗೆ ಬಂದು ನಿಂತದ್ದೂ ಇದೆ, ಮಿಂಟ್ ಕಪ್ಪು ಪರದೆಯಲ್ಲಿ 'ಇನಿಟ್‌ರ‍್ಯಾಮ್‌ಎಫ್‌ಎಸ್' ಅಂತ ನಿಂತದ್ದೂ ಇದೆ. ಮಿಂಟ್‌ನಲ್ಲಿ ಡಿಸ್ಕ್ ದೋಷ ಸರಿಪಡಿಸುವ ಎಫ್‌ಎಸ್‌ಸಿಕೆ ಆದೇಶ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಆಫೀಸಿನವರು ಆ ಕಪ್ಪು ಪರದೆ ನೋಡಿ ಫೋನ್ ಮಾಡಲೇಬೇಕು. ವಿಂಡೋಸ್ ಕನಿಷ್ಠ ತಾನೇ ಒಂದು ಸಲ ಪ್ರಯತ್ನ ಮಾಡುತ್ತದೆ. ಇಲ್ಲಿ ವಿಂಡೋಸಿಗೆ ಅಂಕ ಕೊಡುತ್ತೇನೆ.

ಹಳೇ ಸಿಸ್ಟಂಗಳಲ್ಲಿ ದಿನಾಂಕ ಹಿಂದಕ್ಕೆ ಹೋಗಿ, ಬ್ಯಾಂಕಿನ ಪುಟ 'ಸರ್ಟಿಫಿಕೇಟ್ ಸರಿಯಿಲ್ಲ' ಅಂತ ಹೇಳಿದರೆ ಓಎಸ್ ಬೈಯಬೇಡಿ. ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿ ಬದಲಾಯಿಸಿ.

ಒಂದೇ ಸಿಸ್ಟಂನಲ್ಲಿ ವಿಂಡೋಸ್, ಮಿಂಟ್ ಎರಡನ್ನೂ ಇಟ್ಟರೆ ಗಡಿಯಾರ ಇನ್ನೊಂದು ರೀತಿ ಕೈಕೊಡುತ್ತದೆ. ವಿಂಡೋಸ್ ಬೋರ್ಡಿನ ಗಡಿಯಾರವನ್ನು ಭಾರತದ ಸಮಯ ಅಂತಲೇ ಓದುತ್ತದೆ. ಲಿನಕ್ಸ್ ಅದರಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಬರೆದಿಡುತ್ತದೆ. ನಡುವೆ ಐದೂವರೆ ಗಂಟೆ ವ್ಯತ್ಯಾಸ. ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆದು ವಿಂಡೋಸ್ ಹಾಕಿದರೆ ಅದು ನಾಲ್ಕು ಗಂಟೆ ಅನ್ನುತ್ತದೆ. ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ಸಮಯವನ್ನೇ ಇಡು ಅಂತ ಟೈಮ್‌ಡೇಟ್‌ಸಿಟಿಎಲ್ ಆದೇಶದ ಮೂಲಕ ಮಿಂಟ್‌ಗೆ ಹೇಳಿದರೆ ಸರಿಯಾಗುತ್ತದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಬೇಗ ಏಳಲೆಂದು ಪೂರ್ತಿ ಆಫ್ ಆಗದೆ ಮಲಗುವ ಸೆಟ್ಟಿಂಗ್) ಕೂಡ ಆಫ್ ಮಾಡಬೇಕು, ಇಲ್ಲದಿದ್ದರೆ ಅದರ ಡ್ರೈವ್ ಮಿಂಟ್‌ನಲ್ಲಿ ಓದಲು ಮಾತ್ರ ತೆರೆಯುತ್ತದೆ. ಮನೆಗೆ ಇದೆಲ್ಲ ಪರವಾಗಿಲ್ಲ. ಆಫೀಸಿನ ಮೇಜಿಗೆ ಒಂದೇ ಓಎಸ್ ಇರಲಿ.

ಹೊಸ ನೆಟ್‌ವರ್ಕ್ ಪ್ರಿಂಟರ್ ಮೂರರಲ್ಲೂ ತಾನಾಗೇ ಬಂತು. ಕೆಲವು ಹಳೇ ಲೇಸರ್ ಪ್ರಿಂಟರ್‌ಗಳಿಗೆ ಲಿನಕ್ಸ್‌ನಲ್ಲಿ ಬೇರೆ ಪ್ಲಗಿನ್ ಬೇಕು. ಒಂದಕ್ಕಂತೂ ನಂಬುವಂಥ ಡ್ರೈವರೇ ಸಿಗಲಿಲ್ಲ. ಅದನ್ನು ವಿಂಡೋಸ್ ಮೇಜಿಗೇ ಬಿಟ್ಟೆ. ಮಿಂಟ್‌ನವರು ಪಿಡಿಎಫ್ ಮಾಡಿ ಹಂಚಿಕೊಂಡ ಫೋಲ್ಡರ್‌ಗೆ ಹಾಕುತ್ತಾರೆ, ಅಲ್ಲಿಂದ ಪ್ರಿಂಟ್ ಆಗುತ್ತದೆ.

ಯಾವ ಮೇಜಿಗೆ ಏನು

ಲೆಕ್ಕದ ಮೇಜಿಗೆ ವಿಂಡೋಸ್ 11, ಅದರಲ್ಲಿ ಚರ್ಚೆಯೇ ಇಲ್ಲ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಪ್ರೈಮ್ ಇರುವುದು ವಿಂಡೋಸಿಗೆ. ವಿಂಡೋಸ್ ಸಾಫ್ಟ್‌ವೇರ್ ಓಡಿಸುವ ವೈನ್ ಅನ್ನುವ ಸಾಧನದ ಮೂಲಕ ಲಿನಕ್ಸಿನಲ್ಲಿ ಓಡಿಸಲು ಹೆಣಗುವವರಿದ್ದಾರೆ, ಆದರೆ ವರ್ಷದ ಲೆಕ್ಕವನ್ನು ಹಾಗೆ ಪಣಕ್ಕಿಡಬಾರದು. ಡಿಜಿಟಲ್ ಸಹಿಯ ಟೋಕನ್ ಕೂಡ ಅದೇ ಮೇಜಿನಲ್ಲಿದೆ. ಬಿಲ್ಲು, ಪತ್ರ, ಮೇಲ್ ನೋಡುವ ಮೇಜುಗಳಿಗೆ ಮಿಂಟ್. ಉಬುಂಟು ಯಾವ ಮೇಜಿನಲ್ಲೂ ಉಳಿಯಲಿಲ್ಲ. ಹೊಸದಾಗಿ ಕಂಪ್ಯೂಟರ್ ಕಲಿಯುವವರಿರುವ ಆಫೀಸಾಗಿದ್ದರೆ ಅದನ್ನೂ ಧೈರ್ಯವಾಗಿ ಕೊಡುತ್ತಿದ್ದೆ.

ಕೊನೆಗೆ ಉಳಿದದ್ದು ಗೋದಾಮಿನ ಬಾಗಿಲ ಬಳಿಯ ತೂಕದ ಮೇಜು. ತೂಕದ ಯಂತ್ರದಿಂದ ಸೀರಿಯಲ್ ಕೇಬಲ್ ಬಂದು, ಯುಎಸ್‌ಬಿ ಪರಿವರ್ತಕದ ಮೂಲಕ ಸಿಸ್ಟಂಗೆ ಸೇರುತ್ತದೆ. ವಿಂಡೋಸ್ 11 ಹಾಕಿದಾಗ ಆ ಪರಿವರ್ತಕದ ಹಳೇ ಚಿಪ್ಪಿಗೆ ಹೊಸ ಡ್ರೈವರ್ ಕೆಲಸ ಮಾಡಲಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಬಂತು. ಮಿಂಟ್ ಅದೇ ಪರಿವರ್ತಕವನ್ನು ಚುಚ್ಚಿದ ಕೂಡಲೇ ಗುರುತಿಸಿತು. ಆದರೆ ತೂಕ ಬರೆದುಕೊಳ್ಳುವ ಸಾಫ್ಟ್‌ವೇರ್ ವಿಂಡೋಸಿನದು. ಅಲ್ಲಿ ವಿಂಡೋಸ್ 11 ಇಟ್ಟು, ಹೊಸ ಚಿಪ್ಪಿನ ಪರಿವರ್ತಕ ತರಿಸಿದೆ. ಹಳೆಯದರ ಕಾಮ್ ಪೋರ್ಟ್ (ಸೀರಿಯಲ್ ಸಂಪರ್ಕದ) ನಂಬರನ್ನೇ ಹೊಸದಕ್ಕೂ ಕೊಟ್ಟಿದ್ದರಿಂದ ಸಾಫ್ಟ್‌ವೇರ್ ಏನನ್ನೂ ಕೇಳದೆ ತೂಕ ಓದಿತು.