ನಿಯೋಫೆಚ್: ಒಡೆಯನಿಲ್ಲದ ಉಪಕರಣದ ದೀರ್ಘ ಬಳಕೆ

ಒಂದೇ ಯಂತ್ರದಲ್ಲಿ ಒಂದರ ಹಿಂದೊಂದು ಓಡಿಸಿದ ಎರಡು ಉಪಕರಣಗಳು, ಅಲ್ಲಿ ಸ್ಥಾಪಿಸಿರುವ ಪ್ಯಾಕೇಜುಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಸಂಖ್ಯೆಯನ್ನು ಬೇರೆ ಬೇರೆಯಾಗಿ ಹೇಳಿದರೆ ಯಾವುದನ್ನು ನಂಬಬೇಕು? ನಿಯೋಫೆಚ್ ಹೆಚ್ಚು ಹೇಳುತ್ತಿತ್ತು, ಫಾಸ್ಟ್‌ಫೆಚ್ ಕಡಿಮೆ ಹೇಳುತ್ತಿತ್ತು. ವ್ಯತ್ಯಾಸ ಒಂದೆರಡಾಗಿದ್ದರೆ ಸುಮ್ಮನಾಗುತ್ತಿದ್ದೆನೇನೋ, ಹತ್ತಾರು ಇತ್ತು. ಈ ವಿಮರ್ಶೆ ಬರೆಯಲು ಕೂತದ್ದು ಆ ಸಿಟ್ಟಿನಲ್ಲಿಯೇ.

ಎರಡೂ ಯಂತ್ರದ ವಿವರಗಳನ್ನು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆಗಳನ್ನು ಟೈಪಿಸುವ ಕಿಟಕಿಯಲ್ಲಿ, ತೋರಿಸುವ ಪುಟ್ಟ ಉಪಕರಣಗಳು. ಲಿನಕ್ಸ್ ಬಳಸುವವರಿಗೆ ನಿಯೋಫೆಚ್ ಏನೆಂದು ವಿವರಿಸಬೇಕಾಗಿಲ್ಲ. ಲಿನಕ್ಸ್ ಹಾಕಿಕೊಂಡ ಮೊದಲ ದಿನವೇ ಎಲ್ಲರೂ ಅದನ್ನು ಓಡಿಸಿ, ಎಡಕ್ಕೆ ಲಾಂಛನ ಬಲಕ್ಕೆ ವಿವರಗಳಿರುವ ತೆರೆಯ ಚಿತ್ರ ತೆಗೆದು ಗೆಳೆಯರಿಗೆ ಕಳಿಸುತ್ತಾರೆ. ಬಹುಪಾಲು ಜನರಿಗೆ ಅದರ ಉಪಯೋಗ ಅಲ್ಲಿಗೆ ಮುಗಿಯುತ್ತದೆ. ನನಗೆ ಅದು ಹಾಜರಿ ಪುಸ್ತಕ. ಮಲೆನಾಡಿನ ಒಂದು ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಯಂತ್ರಗಳೆಲ್ಲ ಹಳೆಯವು, ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್‌ನವು. ಕೆಲವಕ್ಕೆ ಮಾತ್ರ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್‌ನ ಭಾಗ್ಯ ಬಂದಿದೆ. ಯಂತ್ರಗಳ ಮೇಲ್ವಿಚಾರಣೆಗೆ ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳುವ ಮಾತನ್ನು ನಮ್ಮಲ್ಲಿ ಯಾರೂ ಆಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಅಟೆಂಡರ್ ಎಲ್ಲ ಯಂತ್ರಗಳ ಗುಂಡಿ ಒತ್ತಿದ ಮೇಲೆ, ನಾನು ಸರ್ವರ್ ಮುಂದೆ ಕೂತು ಒಂದು ಪುಟ್ಟ ಸ್ಕ್ರಿಪ್ಟ್ ಓಡಿಸುತ್ತೇನೆ. ಅದು ಎಸ್‌ಎಸ್‌ಎಚ್ ಮೂಲಕ (ಜಾಲದಲ್ಲಿ ಇನ್ನೊಂದು ಯಂತ್ರಕ್ಕೆ ಆಜ್ಞೆ ಕೊಡುವ ದಾರಿ) ಒಂದೊಂದೇ ಯಂತ್ರವನ್ನು ಕರೆದು, ಬಣ್ಣ, ಲಾಂಛನಗಳಿಲ್ಲದ ಬರಿಯ ಅಕ್ಷರಗಳಲ್ಲಿ ನಿಯೋಫೆಚ್‌ನ ಉತ್ತರವನ್ನು ತಂದು, ಆ ದಿನದ ಕಡತಕ್ಕೆ ಬರೆಯುತ್ತದೆ. ನಿನ್ನೆಯದಕ್ಕೂ ಇಂದಿನದಕ್ಕೂ ಇರುವ ವ್ಯತ್ಯಾಸ ಮಾತ್ರ ತೆರೆಯ ಮೇಲೆ ಬರುತ್ತದೆ.

ಆ ನಾಲ್ಕಾರು ಸಾಲುಗಳನ್ನು ಓದುವುದು ಒಂದು ಕಲೆ ಎಂದರೆ ನಗಬೇಡಿ. ಮೊದಲು ನೋಡುವುದು ಸರ್ವರ್‌ನ ಅಪ್‌ಟೈಮ್, ಅಂದರೆ ಅದು ಆರದೆ ಓಡುತ್ತಿರುವ ಅವಧಿ. ವಾರಗಟ್ಟಲೆ ಇರಬೇಕಾದದ್ದು ಕೆಲವೇ ಗಂಟೆಗಳಿಗೆ ಇಳಿದಿದ್ದರೆ, ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು ಮತ್ತು ಯುಪಿಎಸ್ ಬ್ಯಾಟರಿ ಬೆಳಗಿನವರೆಗೆ ಬಾಳಲಿಲ್ಲ ಎಂದರ್ಥ. ಕಾವಲುಗಾರನನ್ನು ಕೇಳುವ ಅಗತ್ಯವೇ ಇಲ್ಲ. ಆಮೇಲೆ ಮೆಮೊರಿ. ನಮ್ಮ ಯಂತ್ರಗಳಲ್ಲಿ ನಾಲ್ಕು ಜಿಬಿಯ ಎರಡೆರಡು ಮೆಮೊರಿ ಪಟ್ಟಿಗಳಿವೆ. ಒಟ್ಟು ಮೊತ್ತ ಏಳು ಸಾವಿರ ಚಿಲ್ಲರೆ ಎಂಬಿ ಇರಬೇಕಾದಲ್ಲಿ ಮೂರು ಸಾವಿರ ಚಿಲ್ಲರೆ ಕಂಡರೆ ಒಂದು ಪಟ್ಟಿ ಸಂಪರ್ಕ ಬಿಟ್ಟಿದೆ. ಆಷಾಢದ ತೇವಕ್ಕೆ ಇದು ನಮ್ಮಲ್ಲಿ ಮಾಮೂಲು. ಜೇಬಿನಲ್ಲಿ ಪೆನ್ಸಿಲ್ ಅಳಿಸುವ ರಬ್ಬರ್ ಇಟ್ಟುಕೊಂಡು ಹೋಗಿ, ಪಟ್ಟಿಯನ್ನು ಬಿಚ್ಚಿ, ಅದರ ಹೊಂಬಣ್ಣದ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿದರೆ ಸಾಮಾನ್ಯವಾಗಿ ಯಂತ್ರ ಸರಿಹೋಗುತ್ತದೆ. ಮೂರನೆಯದು ಕರ್ನಲ್ ಸಾಲು. ಕರ್ನಲ್ ಎಂದರೆ ವ್ಯವಸ್ಥೆಯ ತಿರುಳು, ಹೊಸದು ಬಂದರೂ ಯಂತ್ರ ಆರಿ ಹತ್ತಿದ ಮೇಲೆಯೇ ಜಾರಿಗೆ ಬರುತ್ತದೆ. ಉಳಿದವರೆಲ್ಲ ಹೊಸ ಕರ್ನಲ್‌ನಲ್ಲಿರುವಾಗ ಒಬ್ಬ ಮಾತ್ರ ಹಳೆಯದರಲ್ಲಿದ್ದರೆ, ಆ ಯಂತ್ರವನ್ನು ಸಂಜೆ ಆರಿಸದೆ ತೆರೆಯನ್ನಷ್ಟೇ ಆರಿಸಿ ಹೋಗಿದ್ದಾರೆ.

ಕೊನೆಯದು ಪ್ಯಾಕೇಜುಗಳ ಸಂಖ್ಯೆ. ಎಲ್ಲ ಯಂತ್ರಗಳೂ ಒಂದೇ ಅಚ್ಚಿನಿಂದ ತೆಗೆದವು, ಆದ್ದರಿಂದ ಸಂಖ್ಯೆಯೂ ಒಂದೇ ಇರಬೇಕು. ಇರುತ್ತಿರಲಿಲ್ಲ. ಕೆಲವು ಯಂತ್ರಗಳು ತಿಂಗಳು ಕಳೆದಂತೆ ನಿಧಾನವಾಗಿ ಮೇಲೇರುತ್ತಿದ್ದವು. ಹುಡುಗರು ಏನನ್ನೋ ಹಾಕುತ್ತಿದ್ದಾರೆ ಎಂದರೆ ಅವರಿಗೆ ಆ ಅಧಿಕಾರವೇ ಇಲ್ಲ.

ಕಾರಣ ತಿಳಿದದ್ದು ಫಾಸ್ಟ್‌ಫೆಚ್ ತಂದು ಪಕ್ಕದಲ್ಲಿಟ್ಟ ಮೇಲೆ. ಅದು ಸಿ ಭಾಷೆಯಲ್ಲಿ ಬರೆದದ್ದು. ಉಬುಂಟುವಿನಂಥ ಲಿನಕ್ಸ್ ವ್ಯವಸ್ಥೆಗಳಲ್ಲಿ ಪ್ಯಾಕೇಜುಗಳ ಲೆಕ್ಕ ನೋಡಿಕೊಳ್ಳುವ ಡಿಪಿಕೆಜಿ ಇಟ್ಟುಕೊಳ್ಳುವ ಸ್ಥಿತಿ ಕಡತವನ್ನು ನೇರವಾಗಿ ತೆರೆದು, ‘ಸರಿಯಾಗಿ ಸ್ಥಾಪನೆಯಾಗಿದೆ’ ಎಂಬ ಗುರುತಿರುವವನ್ನು ಮಾತ್ರ ಎಣಿಸುತ್ತದೆ. ನಿಯೋಫೆಚ್ ಹಾಗಲ್ಲ. ಅದು ಡಿಪಿಕೆಜಿಯ ವಿಚಾರಣಾ ಆಜ್ಞೆಯನ್ನು ಓಡಿಸಿ, ಬಂದ ಸಾಲುಗಳನ್ನೆಲ್ಲ ಎಣಿಸಿಬಿಡುತ್ತದೆ. ಆ ಆಜ್ಞೆಯ ಪಟ್ಟಿಯಲ್ಲಿ ತೆಗೆದುಹಾಕಿದ ಪ್ಯಾಕೇಜುಗಳೂ ಇರುತ್ತವೆ: ತಂತ್ರಾಂಶ ಹೋಗಿದೆ, ಅದರ ಸಂರಚನೆಯ (ಸೆಟ್ಟಿಂಗ್‌ಗಳ) ಕಡತಗಳು ಮಾತ್ರ ಉಳಿದಿವೆ. ಡಿಪಿಕೆಜಿಯ ಪಟ್ಟಿಯಲ್ಲಿ ಇವುಗಳ ಮುಂದೆ ‘ಆರ್‌ಸಿ’ ಎಂಬ ಗುರುತು ಕಾಣುತ್ತದೆ. ಪ್ರತಿ ಹೊಸ ಕರ್ನಲ್ ಬಂದಾಗ ಹಳೆಯದನ್ನು ವ್ಯವಸ್ಥೆಯೇ ತೆಗೆಯುತ್ತದಲ್ಲ, ಅವುಗಳ ಹೆಸರೇ ಈ ಪಟ್ಟಿಯಲ್ಲಿ ಹೆಚ್ಚು. ಯಾವ ಯಂತ್ರ ಹೆಚ್ಚು ಕಾಲದಿಂದ ನವೀಕರಣ ಪಡೆಯುತ್ತಿದೆಯೋ ಅದರಲ್ಲಿ ಹೆಚ್ಚು ಸತ್ತ ಕರ್ನಲ್‌ಗಳು. ನನ್ನ ಹಾಜರಿ ಪುಸ್ತಕ ಇಷ್ಟು ಕಾಲ ಸತ್ತವರಿಗೂ ಹಾಜರಿ ಹಾಕುತ್ತಿತ್ತು.

ಸಿಟ್ಟು ಬಂದದ್ದು ಇಲ್ಲಿ. ದೂರು ಹೇಳೋಣವೆಂದರೆ ಕೇಳುವವರಿಲ್ಲ. ನಿಯೋಫೆಚ್‌ನ ಕೊನೆಯ ಆವೃತ್ತಿ 7.1.0 ಬಿಡುಗಡೆಯಾದದ್ದು 2020ರ ಆಗಸ್ಟ್‌ನಲ್ಲಿ. ಅದನ್ನು ಬರೆದ ಡೈಲನ್ ಅರಾಪ್ಸ್ 2024ರ ಏಪ್ರಿಲ್‌ನಲ್ಲಿ, ತಂತ್ರಾಂಶಗಳ ಮೂಲವನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿದ್ದ ಯೋಜನೆಗೆ ಬೀಗ ಹಾಕಿದರು; ತಾವು ಕೃಷಿಗೆ ಇಳಿದಿರುವುದಾಗಿ ತಮ್ಮ ಪುಟದಲ್ಲಿ ಒಂದು ಸಾಲು ಬರೆದರು, ಅಷ್ಟೇ. ಓದಿದವರಲ್ಲಿ ಅನೇಕರು ನಕ್ಕರು. ಅಡಿಕೆ ತೋಟದ ನಡುವೆ ಬೆಳೆದ ನನಗೆ ಅದು ತಮಾಷೆ ಎನಿಸಲಿಲ್ಲ. ಕೊಳೆರೋಗದ ಎದುರು ಬೋರ್ಡೋ ದ್ರಾವಣ ಹೊಡೆಯುವುದಕ್ಕಿಂತ ಬೀಗ ಹಾಕುವ ಮೊದಲು ಅವರ ಮುಂದಿದ್ದ ದೂರುಗಳ ಸಾಲು ಹೆಚ್ಚು ದಣಿಸಿರಬಹುದು.

ಏಕೆಂದರೆ ನಿಯೋಫೆಚ್‌ನ ಕಡತವನ್ನು ತೆರೆದು ನೋಡಿದ್ದೇನೆ. ಅದು ಒಂದೇ ಒಂದು ಬ್ಯಾಷ್ ಸ್ಕ್ರಿಪ್ಟ್, ಟರ್ಮಿನಲ್‌ನ ಆಜ್ಞೆಗಳನ್ನೇ ಪೋಣಿಸಿದ ಸಾವಿರಾರು ಸಾಲು. ಅದರಲ್ಲಿ ದೊಡ್ಡ ಪಾಲು ಲಾಂಛನಗಳೇ. ಅದು ನೂರೈವತ್ತರ ಹತ್ತಿರ ಕಾರ್ಯಾಚರಣಾ ವ್ಯವಸ್ಥೆಗಳನ್ನು ಬೆಂಬಲಿಸುತ್ತದೆ ಎಂದು ಅದರ ಪರಿಚಯದಲ್ಲಿಯೇ ಇದೆ. ಯಾರೋ ಉಬುಂಟುವಿನ ಹಿನ್ನೆಲೆಯ ಬಣ್ಣ ಬದಲಿಸಿ ಹೊಸ ಡಿಸ್ಟ್ರೋ (ಲಿನಕ್ಸ್‌ನ ಒಂದು ವಿತರಣೆ) ಎಂದು ಹೆಸರಿಟ್ಟರೆ, ಅವರ ಮೊದಲ ಕೆಲಸ ನಿಯೋಫೆಚ್‌ಗೆ ತಮ್ಮ ಲಾಂಛನ ಸೇರಿಸಲು ಅರ್ಜಿ ಹಾಕುವುದು. ಆ ಡಿಸ್ಟ್ರೋ ಆರು ತಿಂಗಳಲ್ಲಿ ಕಣ್ಮುಚ್ಚುತ್ತದೆ, ಲಾಂಛನ ಉಳಿಯುತ್ತದೆ. ಇನ್ನೊಂದು ಬಗೆಯ ದೂರು ಇನ್ನೂ ಕ್ಲಿಷ್ಟ, ಉಪಕರಣದ್ದೇ ಅಲ್ಲದ ತಪ್ಪಿಗೆ ಉಪಕರಣವನ್ನು ಬೈಯುವುದು. ಹೊಸ ಲ್ಯಾಪ್‌ಟಾಪ್ ತಂದವರ ತೆರೆಯಲ್ಲಿ ಗ್ರಾಫಿಕ್ಸ್ ಎದುರು ‘ಇಂಟೆಲ್ ಡಿವೈಸ್ 46ಎ6’ ಎಂಬ ಅಪರಿಚಿತ ಅಂಕೆ ಕಾಣುತ್ತದೆ. ನಿಯೋಫೆಚ್ ಮಾಡುವುದು ಪಿಸಿಐ ಪಟ್ಟಿಯ, ಅಂದರೆ ಯಂತ್ರಕ್ಕೆ ಜೋಡಿಸಿದ ಬಿಡಿಭಾಗಗಳ ಪಟ್ಟಿಯ, ಉತ್ತರವನ್ನು ತೋರಿಸುವುದಷ್ಟೇ. ಯಂತ್ರದಲ್ಲಿರುವ ಹಾರ್ಡ್‌ವೇರ್ ಹೆಸರುಗಳ ಕೋಶ ಹಳೆಯದಾಗಿದ್ದರೆ ಹೆಸರಿನ ಜಾಗದಲ್ಲಿ ಅಂಕೆ ಬರುತ್ತದೆ. ಆ ಕೋಶವನ್ನು ನವೀಕರಿಸಿದರೆ ಹೆಸರೂ ಬರುತ್ತದೆ. ರಾಸ್ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಚಿಪ್ ಬಿಸಿಎಂ2837 ಆದರೂ ಬಿಸಿಎಂ2835 ಎಂದು ತೋರಿಸುತ್ತಿದ್ದುದೂ ಇದೇ ಕಥೆ: ಸಿಪಿಯು ಮಾಹಿತಿ ಕಡತದಲ್ಲಿ ಕರ್ನಲ್ ಬರೆದಿಟ್ಟದ್ದೇ ಹಾಗೆ.

ಬೇರೆ ಉಪಕರಣವಾಗಿದ್ದರೆ ಕೈಬಿಟ್ಟ ಮೇಲೂ ಬಹುಕಾಲ ಬಾಳುತ್ತಿತ್ತು. ಅಕ್ಷರಗಳನ್ನು ಹುಡುಕುವ, ಸಾಲುಗಳನ್ನು ಜೋಡಿಸುವ ಪುಟ್ಟ ತಂತ್ರಾಂಶಗಳಿಗೆ ಸುತ್ತಲ ಜಗತ್ತು ಬದಲಾದರೂ ಚಿಂತೆಯಿಲ್ಲ. ಸುತ್ತಲ ಜಗತ್ತನ್ನು ವಿವರಿಸುವುದೇ ಕೆಲಸವಾದ ಉಪಕರಣಕ್ಕೆ ಆ ಸೌಲಭ್ಯವಿಲ್ಲ. ತೆರೆಯ ಅಳತೆಯನ್ನು ತಿಳಿಯಲು ಅದು ತೆರೆಯ ಮೇಲೆ ಚಿತ್ರ ಮೂಡಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್ ಸರ್ವರ್‌ನ ಆಜ್ಞೆಗಳನ್ನು ಕೇಳುತ್ತದೆ. ಜಗತ್ತು ಅದರ ಬದಲಿಗೆ ಬಂದ ವೇಲ್ಯಾಂಡ್‌ಗೆ ಹೋಯಿತು. ಉಬುಂಟುವಿನ ಇನ್ನೊಂದು ಬಗೆಯ ಪ್ಯಾಕೇಜುಗಳನ್ನು ನೋಡಿಕೊಳ್ಳುವ ಸ್ನ್ಯಾಪ್ ಸೇವೆ ಓಡದಿರುವಾಗ ಅದರ ಪಟ್ಟಿ ಕೇಳಿದರೆ ಆಜ್ಞೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆಂದು, ಮೊದಲು ಸೇವೆ ಜೀವಂತವಾಗಿದೆಯೇ ಎಂದು ನೋಡಿ, ನಂತರ ಪಟ್ಟಿ ತರಿಸಿ, ತಲೆಬರಹದ ಸಾಲಿಗಾಗಿ ಒಟ್ಟು ಮೊತ್ತದಿಂದ ಒಂದನ್ನು ಕಳೆಯುವ ಸಾಲು ಅದರೊಳಗಿದೆ. ಇಷ್ಟು ಎಚ್ಚರ ವಹಿಸಿದ ಕೈಯಿಂದಲೇ ಸತ್ತ ಪ್ಯಾಕೇಜುಗಳ ಎಣಿಕೆ ತಪ್ಪಿಹೋದದ್ದು ಸೋಜಿಗ.

ಅದನ್ನು ಓದುತ್ತ ಕೂತಾಗಲೇ ನನ್ನ ಸಿಟ್ಟು ಇಳಿದದ್ದು. ಎಣಿಕೆಯ ಸಾಲು ಕಣ್ಣೆದುರೇ ಇತ್ತು. ಸ್ಥಿತಿಯ ಗುರುತನ್ನೂ ತರಿಸಿ, ಸರಿಯಾಗಿ ಸ್ಥಾಪನೆಯಾದದ್ದರ ಗುರುತಾದ ‘ಐಐ’ ಇರುವ ಸಾಲುಗಳನ್ನಷ್ಟೇ ಎಣಿಸು ಎಂದು ತಿದ್ದಿದೆ. ಕಂಪೈಲ್ ಮಾಡುವುದಿಲ್ಲ (ಯಂತ್ರದ ಭಾಷೆಗೆ ಬದಲಿಸುವುದಿಲ್ಲ), ಏನನ್ನೂ ಕಾಯುವುದಿಲ್ಲ, ಕಡತ ಉಳಿಸಿದೊಡನೆ ಹೊಸ ಉತ್ತರ. ಎಲ್ಲ ಯಂತ್ರಗಳಿಗೂ ಆ ಕಡತವನ್ನು ಕಳಿಸಿದ ಮರುದಿನ ಸಂಖ್ಯೆಗಳೆಲ್ಲ ಒಂದೇ ಸಾಲಿಗೆ ಬಂದು ನಿಂತವು. ಒಂದು ಮಾತ್ರ ನಿಲ್ಲಲಿಲ್ಲ. ಅದರಲ್ಲಿ ನಿಜಕ್ಕೂ ನವೀಕರಣ ಅರ್ಧಕ್ಕೆ ನಿಂತಿತ್ತು. ಎಷ್ಟು ದಿನದಿಂದ ಹಾಗಿತ್ತೋ, ಗದ್ದಲದಲ್ಲಿ ಕಂಡಿರಲಿಲ್ಲ. ಇಲ್ಲೊಂದು ಅನಿರೀಕ್ಷಿತ ಸುಖವೂ ಸಿಕ್ಕಿತು. ವಿತರಣೆಯಿಂದ ಬಂದ ಕಡತವನ್ನು ನಾವು ತಿದ್ದಿದರೆ ಮುಂದಿನ ನವೀಕರಣ ಅದನ್ನು ಅಳಿಸಿಹಾಕುತ್ತದೆ ಎಂಬುದು ಎಲ್ಲರಿಗೂ ತಿಳಿದ ಎಚ್ಚರಿಕೆ. ನಿಯೋಫೆಚ್‌ನ ವಿಷಯದಲ್ಲಿ ಆ ಮುಂದಿನ ನವೀಕರಣ ಬರುವುದೇ ಇಲ್ಲ. ನನ್ನ ತಿದ್ದುಪಡಿ ಇಟ್ಟಲ್ಲಿಯೇ ಇದೆ.

ಹಾಗಾದರೆ ಫಾಸ್ಟ್‌ಫೆಚ್ ಏಕೆ ಬೇಕು? ಮೊದಲ ಕಾರಣ ವೇಗ. ನಿಯೋಫೆಚ್ ಅನೇಕ ಪ್ರಶ್ನೆಗಳಿಗೆ ಹೊರಗಿನ ಆಜ್ಞೆಗಳನ್ನು ಎಬ್ಬಿಸುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಬೆಳಗಿನ ಮೊದಲ ಓಟಕ್ಕೆ ಕಾಯಬೇಕಾಗುತ್ತದೆ. ಟರ್ಮಿನಲ್ ತೆರೆದಾಗಲೆಲ್ಲ ತಾನಾಗಿ ಓಡಲಿ ಎಂದು ಇಟ್ಟವರಿಗಂತೂ ಈ ಕಾಯುವಿಕೆ ಪ್ರತಿ ಸಲದ ಕಿರಿಕಿರಿ. ಫಾಸ್ಟ್‌ಫೆಚ್ ಬಂದು ಹೋದದ್ದೇ ತಿಳಿಯುವುದಿಲ್ಲ. ಯಾವ ಸಾಲಿಗೆ ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ತಾನೇ ತೋರಿಸುವ ಆಯ್ಕೆಯೂ ಅದರಲ್ಲಿದೆ. ಒಮ್ಮೆ ಓಡಿಸಿದರೆ ಸೋಮಾರಿ ಯಾರೆಂದು ಗೊತ್ತಾಗುತ್ತದೆ. ಎರಡನೆಯ ಕಾರಣ, ಉತ್ತರವನ್ನು ಜೇಸನ್ ರೂಪದಲ್ಲಿ, ಅಂದರೆ ತಂತ್ರಾಂಶಗಳು ಸುಲಭವಾಗಿ ಓದುವಂತೆ ಹೆಸರು-ಬೆಲೆಗಳನ್ನು ಜೋಡಿಸಿದ ರೂಪದಲ್ಲಿ, ಕೊಡುತ್ತದೆ. ನನ್ನ ಸ್ಕ್ರಿಪ್ಟ್‌ನಲ್ಲಿ ಸಾಲುಗಳನ್ನು ಕತ್ತರಿಸಿ ಅಂಟಿಸುತ್ತಿದ್ದ ಅರ್ಧ ಭಾಗ ಅದರಿಂದ ಉದುರಿಹೋಯಿತು.

ಕಿರುಕುಳಗಳೂ ಇವೆ. ಉಬುಂಟು 24.04ರ ಅಧಿಕೃತ ಭಂಡಾರದಲ್ಲಿ ನಿಯೋಫೆಚ್ ಇದೆ, ಫಾಸ್ಟ್‌ಫೆಚ್ ಇಲ್ಲ. ಹೊರಗಿನಿಂದ ಪ್ಯಾಕೇಜ್ ತಂದು ಪ್ರತಿ ಯಂತ್ರಕ್ಕೂ ಹಾಕಬೇಕು, ಹೊಸ ಆವೃತ್ತಿಗಳು ಆಗಾಗ ಬರುತ್ತಲೇ ಇರುತ್ತವೆ, ಮತ್ತೆ ತರಬೇಕು. ಜೀವಂತ ಯೋಜನೆಯ ಬೆಲೆ ಇದು, ಗೊಣಗುತ್ತಲೇ ಕೊಡುತ್ತೇನೆ. ಸಂರಚನೆಯ ಕಡತ ಮೊದಲಿನಂತೆ ಬ್ಯಾಷ್ ಅಲ್ಲ, ಟಿಪ್ಪಣಿಗೆ ಅವಕಾಶವಿರುವ ಜೇಸನ್. ಒಂದು ಅಲ್ಪವಿರಾಮ ತಪ್ಪಿದರೂ ಮುನಿಸು. ನಿಯೋಫೆಚ್‌ನ ಸಂರಚನೆಯೇ ಒಂದು ಸ್ಕ್ರಿಪ್ಟ್ ಆಗಿದ್ದುದರಿಂದ ಅದರೊಳಗೇ ಷರತ್ತು ಬರೆಯಬಹುದಿತ್ತು: ಸರ್ವರ್ ಆದರೆ ಅಪ್‌ಟೈಮ್ ಮೇಲೆ ಬರಲಿ, ಉಳಿದವಕ್ಕೆ ಬೇಡ ಎಂದು. ಇಲ್ಲಿ ಅದು ನೇರವಾಗಿ ಆಗುವುದಿಲ್ಲ. ಎರಡು ಕಡತ ಇಟ್ಟುಕೊಂಡಿದ್ದೇನೆ. ಇನ್ನೊಂದು ಮಾತು ವಿದ್ಯಾರ್ಥಿಗಳಿರುವ ಕಡೆಗೆ ಮುಖ್ಯ: ಫಾಸ್ಟ್‌ಫೆಚ್ ಮೊದಲ ಓಟದಲ್ಲಿಯೇ ಯಂತ್ರದ ಒಳಜಾಲದ ಐಪಿ ವಿಳಾಸವನ್ನು ತೋರಿಸುತ್ತದೆ. ಹುಡುಗರು ತೆರೆಯ ಚಿತ್ರ ತೆಗೆದು ಎಲ್ಲೆಲ್ಲೋ ಹಾಕುತ್ತಾರೆ. ದೊಡ್ಡ ಅಪಾಯವೇನಲ್ಲ, ಆದರೂ ಆ ಸಾಲನ್ನು ನಾನು ಮೊದಲೇ ತೆಗೆದಿದ್ದೇನೆ.

ಕನ್ನಡದ ಆಸೆಯನ್ನೂ ತೀರಿಸಿಕೊಂಡೆ. ಎರಡರಲ್ಲಿಯೂ ಸಾಲುಗಳ ಹೆಸರನ್ನು ನಮಗೆ ಬೇಕಾದಂತೆ ಇಡಬಹುದು, ಕನ್ನಡ ಲಿಪಿಯಲ್ಲಿಯೂ ಸಹ. ಆದರೆ ಅಕ್ಷರಕ್ಕೊಂದು ಚೌಕವೆಂದು ಲೆಕ್ಕ ಹಾಕುವ ಟರ್ಮಿನಲ್‌ಗೆ ಗುಣಿತಾಕ್ಷರ, ಒತ್ತಕ್ಷರಗಳ ಅಗಲ ಸರಿಯಾಗಿ ತಿಳಿಯುವುದಿಲ್ಲ. ಒಂದು ಟರ್ಮಿನಲ್‌ನಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ, ಇನ್ನೊಂದರಲ್ಲಿ ಅಕ್ಷರ ನೆಟ್ಟಗಿದ್ದರೂ ಬಲಬದಿಯ ವಿವರಗಳು ಅಂಕುಡೊಂಕಾಗುತ್ತವೆ. ಉಪಕರಣಗಳ ತಪ್ಪಲ್ಲ ಎಂದು ತಿಳಿದೂ ಎರಡನ್ನೂ ಬೈದಿದ್ದೇನೆ. ಕೊನೆಗೆ ಒತ್ತಕ್ಷರವಿಲ್ಲದ ಪದಗಳನ್ನೇ ಹುಡುಕಿ ಸರ್ವರ್‌ನಲ್ಲಿ ಮಾತ್ರ ಉಳಿಸಿಕೊಂಡೆ.

ಬಿಡಿಭಾಗಗಳ ಆಳವಾದ ವಿವರ ಬೇಕಾದವರಿಗೆ ಇವೆರಡೂ ಸಾಲವು. ಪರ್ಲ್‌ನಲ್ಲಿ ಬರೆದ ಇಂಕ್ಸಿ ಬಳಸಿ. ನಿಯೋಫೆಚ್‌ನ ರೂಪವೇ ಬೇಕು, ಆದರೆ ಹೊಸ ಯಂತ್ರಗಳನ್ನೂ ಗುರುತಿಸಬೇಕು ಎನ್ನುವವರಿಗೆ ಹೈಫೆಚ್ ಯೋಜನೆಯವರು ಅದರ ಒಂದು ಕವಲನ್ನು ತಮ್ಮ ಜೊತೆಯಲ್ಲಿ ಸಾಕುತ್ತಿದ್ದಾರೆ. ಹೊಸದಾಗಿ ಲಿನಕ್ಸ್ ಹಾಕುವವರು ನೇರವಾಗಿ ಫಾಸ್ಟ್‌ಫೆಚ್‌ಗೆ ಹೋಗುವುದೇ ಸರಿ. ಅದಕ್ಕೆ ಐದರಲ್ಲಿ ನಾಲ್ಕು. ನಿಯೋಫೆಚ್‌ಗೆ ಇದ್ದಂತೆಯೇ ಆದರೆ ಎರಡೂವರೆ, ತಿದ್ದಿಕೊಳ್ಳುವ ಮನಸ್ಸಿದ್ದರೆ ನಾಲ್ಕು.

ನನ್ನ ಪ್ರಯೋಗಾಲಯದ ಯಂತ್ರಗಳಲ್ಲಿ ಈಗ ಫಾಸ್ಟ್‌ಫೆಚ್ ಓಡುತ್ತಿದೆ. ಸರ್ವರ್‌ನಲ್ಲಿ ತಿದ್ದಿದ ನಿಯೋಫೆಚ್ ಮುಂದುವರಿದಿದೆ, ಮುಂದಿನ ರಜೆಯಲ್ಲಿ ಉಬುಂಟುವನ್ನು ಮೇಲಿನ ಆವೃತ್ತಿಗೆ ಏರಿಸುವಾಗ ಅಲ್ಲಿ ಅದು ಸಿಗದೇ ಹೋದರೂ ತೊಂದರೆಯಿಲ್ಲ. ಅನುಸ್ಥಾಪನೆ ಎಂಬುದೇ ಬೇಡದ ಒಂದು ಕಡತ ಅದು. ಪ್ರತಿಯನ್ನು ತೆಗೆದಿಟ್ಟಿದ್ದೇನೆ, ಎಮ್‌ಐಟಿ ಪರವಾನಗಿ ಇರುವುದರಿಂದ ಯಾರಾದರೂ ಕೇಳಿದರೆ ಆ ತಿದ್ದುಪಡಿಯನ್ನೂ ಸೇರಿಸಿ ಕೊಡುತ್ತೇನೆ.