ಮನೆ ಎಷ್ಟಕ್ಕೆ ಮಾರಾಟವಾಯಿತು: ಕಾವೇರಿಯ ಇ.ಸಿ. ಎಷ್ಟು ಹೇಳುತ್ತದೆ?

ಮನೆಯೊಂದನ್ನು ಕೊಳ್ಳುವ ಮುನ್ನ ಅದೇ ಬಡಾವಣೆಯಲ್ಲಿ ಈಚೆಗೆ ಮಾರಾಟವಾದ ಮನೆಗಳ ಬೆಲೆಯನ್ನು ದಲ್ಲಾಳಿಯ ಮಾತಿನಿಂದಲೋ ಜಾಹೀರಾತಿನಿಂದಲೋ ಅಂದಾಜು ಮಾಡುವವರಿಗೆಲ್ಲ ನಾನು ಮೊದಲು ಹೇಳುವುದು, ಕರ್ನಾಟಕದ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ ನೋಡಿ ಎಂದು. ಇದನ್ನು ಸಾಮಾನ್ಯವಾಗಿ ಸಾಲ, ಅಡಮಾನ ಇದೆಯೇ ಎಂದು ತಿಳಿಯಲಷ್ಟೇ ಬಳಸುತ್ತಾರೆ. ಆದರೆ ವ್ಯವಹಾರಗಳಿದ್ದಾಗ ಇ.ಸಿ. ಬರುವ ನಮೂನೆ 15ರಲ್ಲಿ ಪ್ರತಿ ಕ್ರಯಪತ್ರದ ದಿನಾಂಕ, ಬರೆದುಕೊಟ್ಟವರು, ಬರೆಸಿಕೊಂಡವರು ಮತ್ತು ಚೆಕ್ಕುಬಂದಿಯ (ನಾಲ್ಕು ದಿಕ್ಕಿನ ಗಡಿಗಳ) ಜೊತೆಗೆ ಕ್ರಯದ ಮೊತ್ತವೂ ಇರುತ್ತದೆ. 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಂತೆ ಸ್ಥಿರಾಸ್ತಿ ದಾಖಲೆಗಳ 1ನೇ ಪುಸ್ತಕವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ಪರಿಶೀಲಿಸಬಹುದಾದ್ದರಿಂದ, ಇದನ್ನು ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಹುಡುಕಾಟದಲ್ಲಿ ಶ್ರಮ ಬೇಡುವುದು ಸ್ವತ್ತಿನ ಸಂಖ್ಯೆ. ಒಂದೇ ಮನೆ ಒಂದು ಕ್ರಯಪತ್ರದಲ್ಲಿ ಸರ್ವೆ ನಂಬರಿನಿಂದ, ಮುಂದಿನದರಲ್ಲಿ ಸೈಟ್ ನಂಬರಿನಿಂದ, ಆಮೇಲೆ ಖಾತೆಯ ನಂಬರಿನಿಂದ ನೋಂದಣಿಯಾಗಿರಬಹುದು. ಯಾವ ಸಂಖ್ಯೆಯನ್ನು ಕೊಡುತ್ತೇವೋ ಅದಕ್ಕೆ ಹೊಂದುವ ವ್ಯವಹಾರಗಳಷ್ಟೇ ಸಿಗುತ್ತವೆ. ವ್ಯವಹಾರವೇ ಇಲ್ಲ ಎನ್ನುವ ನಮೂನೆ 16 ಕೈಗೆ ಬಂದರೆ ಮನೆ ಮಾರಾಟವಾಗಿಲ್ಲವೆಂದು ತೀರ್ಮಾನಿಸದೆ, ಗೊತ್ತಿರುವ ಎಲ್ಲ ಸಂಖ್ಯೆಗಳನ್ನೂ ಹಾಕಿ ನೋಡಿ, ಚೆಕ್ಕುಬಂದಿಯನ್ನು ತಾಳೆ ಮಾಡುವುದು ಒಳ್ಳೆಯದು. ಆನ್‌ಲೈನ್ ಮಾಹಿತಿ 2004ರ ಏಪ್ರಿಲ್ 1ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಬೇಕು.

ಇನ್ನು ಆ ಮೊತ್ತವನ್ನು ಎಷ್ಟು ನಂಬಬೇಕು ಎಂಬುದು. ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ ಶೇ 2ಕ್ಕೆ ಏರಿದೆ. ಹೀಗಿರುವಾಗ ಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ನಗದಾಗಿ ಕೊಡುವ ಕೆಟ್ಟ ರೂಢಿ ಇನ್ನೂ ಹೋಗಿಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ನಗದನ್ನು ಪಡೆಯುವುದನ್ನು 2015ರಿಂದಲೇ ಆದಾಯ ತೆರಿಗೆ ಕಾನೂನು ನಿಷೇಧಿಸಿದ್ದರೂ ಸಹ. ಆದ್ದರಿಂದ ಕ್ರಯದ ಮೊತ್ತವನ್ನು ಆ ದಿನದ ಮಾರ್ಗಸೂಚಿ ದರದ, ಅಂದರೆ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯ, ಪಕ್ಕದಲ್ಲಿಟ್ಟು ಓದಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದರೆ ನಿಜವಾದ ಬೆಲೆ ಅದಕ್ಕಿಂತ ಮೇಲಿತ್ತೆಂಬ ಅನುಮಾನ ನನಗೆ ಬರುತ್ತದೆ; ಕ್ರಯದ ಮೊತ್ತ ಮಾರ್ಗಸೂಚಿ ದರವನ್ನು ಸಾಕಷ್ಟು ಮೀರಿದ್ದರೆ ನಂಬಿಕೆ ಹೆಚ್ಚುತ್ತದೆ.

ಕ್ರಯಪತ್ರದ ಹಿಂದೆಯೇ ಬ್ಯಾಂಕಿನ ಸಾಲದ ನಮೂದು ಇದ್ದರೆ ಅದನ್ನು ಬಿಡದೆ ನೋಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷ ಮೀರಿದ ಗೃಹಸಾಲ ಆಸ್ತಿಯ ಮೌಲ್ಯದ ಶೇ 75ನ್ನು ದಾಟುವಂತಿಲ್ಲ. ಅಂದರೆ 90 ಲಕ್ಷದ ಸಾಲ ಕಂಡರೆ ಬ್ಯಾಂಕು ಆ ಮನೆಗೆ ಕನಿಷ್ಠ 1.2 ಕೋಟಿ ಬೆಲೆ ಕಟ್ಟಿದೆಯೆಂದು ತಿಳಿಯಬಹುದು. ದಾನಪತ್ರ, ವಿಭಾಗಪತ್ರ, ಹಕ್ಕುಬಿಡುಗಡೆ ಪತ್ರಗಳಲ್ಲಿನ ಮೊತ್ತವನ್ನು ಮಾತ್ರ ಮಾರಾಟದ ಬೆಲೆಯೆಂದು ಎಣಿಸಬಾರದು. ಫ್ಲ್ಯಾಟುಗಳ ವಿಷಯದಲ್ಲಿ, ವಿಶೇಷವಾಗಿ ಹಳೆಯವುಗಳಲ್ಲಿ, ಭೂಮಿಯ ಅವಿಭಜಿತ ಪಾಲಿಗೆ ಕ್ರಯಪತ್ರ ಮಾಡಿಸಿ ಕಟ್ಟಡಕ್ಕೆ ಬೇರೆ ಕರಾರು ಮಾಡಿಕೊಂಡಿದ್ದರೆ ಇ.ಸಿ.ಯಲ್ಲಿ ಕಾಣುವುದು ಭೂಮಿಯ ಪಾಲಿನ ಬೆಲೆಯಷ್ಟೇ. ಇಂಥಲ್ಲಿ ಕ್ರಯಪತ್ರದ ದೃಢೀಕೃತ ನಕಲನ್ನು ತರಿಸಿ ಓದಿದರೆ ಯಾವುದಕ್ಕೆ ಹಣ ಕೊಡಲಾಯಿತೆಂಬುದು ಸ್ಪಷ್ಟವಾಗುತ್ತದೆ.

ಇಷ್ಟೆಲ್ಲ ಉಪಯೋಗವಿರುವ ಸೇವೆಯಲ್ಲಿ ನನಗೆ ಕೊರತೆಯೆನಿಸುವುದು, ಮನೆಯ ಸಂಖ್ಯೆ ಗೊತ್ತಿಲ್ಲದೆ ಒಂದು ಬೀದಿಯ ಅಥವಾ ಬಡಾವಣೆಯ ಮಾರಾಟಗಳನ್ನೆಲ್ಲ ಒಟ್ಟಿಗೆ ನೋಡಲು ಬರುವುದಿಲ್ಲ ಎಂಬುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭೂನೋಂದಣಿ ಕಚೇರಿ 1995ರಿಂದೀಚಿನ ಮಾರಾಟದ ಬೆಲೆಗಳನ್ನು ವಿಳಾಸ ಸಮೇತ, ಕೊಂಡವರ ಹೆಸರಿಲ್ಲದೆ, ಉಚಿತವಾಗಿ ಪ್ರಕಟಿಸುತ್ತದೆ. ನಮ್ಮ ಇಲಾಖೆಯ ಬಳಿಯೂ ಎರಡು ದಶಕಗಳ ಮೊತ್ತಗಳು ಗಣಕದಲ್ಲೇ ಇವೆ. ಹೆಸರುಗಳನ್ನು ತೆಗೆದು, ಬಡಾವಣೆವಾರು ಪಟ್ಟಿಯಾಗಿ ಅವನ್ನು ಕಾವೇರಿಯಲ್ಲಿಯೇ ತೆರೆದಿಡಬೇಕೆಂದು ಇಲಾಖೆಯನ್ನು ಕೋರುತ್ತೇನೆ.