ನರುಟೊ ನಿಂಜಾ ಕೌನ್ಸಿಲ್: ಮೂರರಲ್ಲಿ ನನ್ನ ಆಯ್ಕೆ ಎರಡನೆಯದು

ನರುಟೊ ಎಂಬ ನಿಂಜಾ ಹುಡುಗನ ಜಪಾನಿ ಕಾಮಿಕ್ಸ್ ಆಧರಿಸಿದ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಆಟಗಳಲ್ಲಿ ಒಂದನ್ನೇ ಕೊಳ್ಳುವುದಾದರೆ ನಿಂಟೆಂಡೊದ ಗೇಮ್ ಬಾಯ್ ಅಡ್ವಾನ್ಸ್‌ನ ನಿಂಜಾ ಕೌನ್ಸಿಲ್ 2 ಕೊಳ್ಳಿ. ನನ್ನಲ್ಲಿರುವುದು ಅದರ ನಂತರ ಬಂದ, ಎರಡು ಪರದೆಯ ಹಳೆಯ ಡಿಎಸ್ ಲೈಟ್ ಯಂತ್ರ. ಅದರ ಕೆಳಗಿನ ಕಿಂಡಿಯಲ್ಲಿ ಆಟ ತುಂಬಿದ ಅಡ್ವಾನ್ಸ್ ಕಾರ್ಟ್ರಿಜ್‌ಗಳೂ ಕೂರುವುದರಿಂದ ಮೂರು ಭಾಗಗಳನ್ನೂ ಒಂದೇ ಯಂತ್ರದಲ್ಲಿ ಆಡಿ ನೋಡಿದೆ.

ಮೊದಲ ಭಾಗ ಜಪಾನಿನಲ್ಲಿ 2003ರಲ್ಲಿ ಬಂದದ್ದು, ಅಮೆರಿಕಕ್ಕೆ 2006ರಲ್ಲಿ ತಲುಪಿತು. ಆಡಲು ಸಿಗುವವರು ನರುಟೊ ಮತ್ತು ಸಾಸುಕೆ ಮಾತ್ರ. ಚಿತ್ರ ಅಚ್ಚುಕಟ್ಟಾಗಿದೆ, ಆದರೆ ರಜೆಯ ಒಂದು ಮಧ್ಯಾಹ್ನದಲ್ಲೇ ಮುಗಿದುಹೋಯಿತು. ಅಗ್ಗಕ್ಕೆ ಸಿಕ್ಕರೆ ಸರಿ.

ಡಿಎಸ್‌ಗೆಂದೇ ಬಂದ ಮೂರನೆಯದರಲ್ಲಿ ಪಾತ್ರಗಳು ಹೆಚ್ಚು, ಕೊಡುವ ಕೆಲಸಗಳೂ ಹೆಚ್ಚು. ಗೆಲ್ಲಬೇಕಾದದ್ದು ಅದೇ. ಅದನ್ನು ಕೆಡಿಸಿದ್ದು ಟಚ್ ಸ್ಕ್ರೀನ್.

ದೊಡ್ಡ ಜುತ್ಸು, ಅಂದರೆ ನಿಂಜಾನ ವಿಶೇಷ ವಿದ್ಯೆ, ಬಿಡಬೇಕಾದರೆ ಕೆಳಗಿನ ಪರದೆಯನ್ನು ಮುಟ್ಟಬೇಕು. ಓಡುತ್ತಾ, ನೆಗೆಯುತ್ತಾ, ಹೊಡೆಯುತ್ತಾ ಇರುವಾಗ ಎಡ ಹೆಬ್ಬೆರಳು ದಿಕ್ಕಿನ ಗುಂಡಿಯ ಮೇಲೆ, ಬಲ ಹೆಬ್ಬೆರಳು ಹೊಡೆತದ ಗುಂಡಿಯ ಮೇಲೆ. ಎರಡೂ ಕಡೆಯಿಂದ ಶತ್ರುಗಳು ಮುತ್ತಿದ ಹೊತ್ತಿಗೇ ಜುತ್ಸು ಬೇಕಾಗುವುದು. ಆಗ ಕೈ ಬಿಡಿಸಿ ಪರದೆಗೆ ಹೋಗಬೇಕು.

ಪರದೆ ಮುಟ್ಟುವ ಕಡ್ಡಿಯನ್ನು ಹಿಡಿದುಕೊಂಡೇ ಗುಂಡಿ ಒತ್ತಿ ನೋಡಿದೆ, ಬೆರಳು ಜಾರಿತು. ಹೆಬ್ಬೆರಳಿನ ಉಗುರಿನಿಂದ ಮುಟ್ಟಿದೆ, ಪರದೆಯ ತುಂಬ ಗೀರು, ಎಣ್ಣೆಯ ಕಲೆ. ಮನೆಯಲ್ಲಿ ಕೂತು ಆಡುವವರಿಗೆ ಇದು ಅಭ್ಯಾಸವಾದೀತು. ನಾನು ಆಡುವುದು ಬಸ್ಸಿನಲ್ಲಿ. ರಸ್ತೆಯಲ್ಲಿ ಒಂದು ಗುಂಡಿ ಬಂದರೆ ಕಡ್ಡಿ ಎಲ್ಲಿಗೋ ಸಾಗುತ್ತದೆ, ಜುತ್ಸು ಕೈತಪ್ಪುತ್ತದೆ, ಅಷ್ಟರಲ್ಲಿ ನಾಲ್ಕು ಏಟು ಬಿದ್ದಿರುತ್ತದೆ. ಇಷ್ಟು ಚೆನ್ನಾದ ಆಟಕ್ಕೆ ಹೀಗಾಗಬಾರದಿತ್ತು ಎಂದು ಈಗಲೂ ಬೇಸರವಾಗುತ್ತದೆ.

ಎರಡನೆಯ ಭಾಗಕ್ಕೆ ಮುಟ್ಟುವ ಪರದೆಯ ಹಂಗೇ ಇಲ್ಲ, ಎಲ್ಲವೂ ಗುಂಡಿಗಳಲ್ಲೇ. ನರುಟೊ, ಸಾಸುಕೆ, ಸಕುರಾ ಮೂವರೂ ಒಂದು ತಂಡ. ಹಂತದ ನಡುವೆಯೇ ಒಬ್ಬರಿಂದ ಇನ್ನೊಬ್ಬರಿಗೆ ಬದಲಾಯಿಸಬಹುದು. ಎಲ್ಲಿ ಯಾರು ಬೇಕೆಂದು ಯೋಚಿಸುವ ಸುಖ ಮೊದಲ ಭಾಗದಲ್ಲಿ ಇಲ್ಲ. ಬಸ್ಸು ಎಷ್ಟು ಕುಲುಕಿದರೂ ಹೆಬ್ಬೆರಳು ತನ್ನ ಜಾಗ ಬಿಡುವುದಿಲ್ಲ.

ತಮ್ಮನೋ ಗೆಳೆಯನೋ ಜೊತೆಗಿದ್ದು ಇಬ್ಬರೂ ಆಡುವವರಾದರೆ ಮಾತ್ರ ಮೂರನೆಯದಕ್ಕೆ ಹೋಗಿ. ಡಿಎಸ್‌ನಲ್ಲಿ ಎರಡು ಅಡ್ವಾನ್ಸ್ ಯಂತ್ರಗಳನ್ನು ಜೋಡಿಸುವ ಲಿಂಕ್ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ. ಅಡ್ವಾನ್ಸ್ ಕಾರ್ಟ್ರಿಜ್‌ಗಳು ಅದರಲ್ಲಿ ಒಬ್ಬರ ಆಟವೇ.

ಕೊಳ್ಳುವಾಗ ಹೆಸರನ್ನು ಪೂರ್ತಿ ಓದಿ. ‘ನಿಂಜಾ ಕೌನ್ಸಿಲ್ 2 ಯುರೋಪಿಯನ್ ವರ್ಷನ್’ ಎಂಬುದು ಡಿಎಸ್‌ನ ಬೇರೆಯೇ ಆಟ. ನಕಲಿಯೂ ಬಹಳ. ಅಂತರ್ಜಾಲದ ಮಾರಾಟಗಾರನೊಬ್ಬ ನನಗೆ ಮೊದಲು ಕಳಿಸಿದ ಪ್ರತಿಯಲ್ಲಿ ಉಳಿಸಿದ ಆಟ ಮರುದಿನ ಇರಲಿಲ್ಲ. ಅಸಲಿ ಅಡ್ವಾನ್ಸ್ ಕಾರ್ಟ್ರಿಜ್‌ನ ಲೇಬಲ್ ಮೇಲೆ ಒತ್ತಿ ಮೂಡಿಸಿದ ಸಣ್ಣ ಅಂಕಿ ಇರುತ್ತದೆ, ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಹಣ ಕೊಡುವ ಮುನ್ನ ಆ ಜಾಗದ ಫೋಟೊ ಕೇಳಿ. ಕೊಡಲು ಹಿಂದೆಮುಂದೆ ನೋಡುವವರ ಬಳಿ ಕೊಳ್ಳಬೇಡಿ.